ಎಡದಿಂದ ಮೂರನೆಯ ಕೋಶ

ತೊಟ್ಟಿಲು ಇಳಿಯುತ್ತಿತ್ತು.

ಕರಿಗುಡ್ಡದ ಚಿನ್ನದ ಗಣಿಯಲ್ಲಿ ಜನರನ್ನು ನೆಲದಾಳಕ್ಕೆ ಇಳಿಸುವ ಕಬ್ಬಿಣದ ಪಂಜರಕ್ಕೆ ಕಂಪನಿಯ ಕೈಪಿಡಿಯಲ್ಲಿ ಒಂದೂವರೆ ಸಾಲಿನ ಹೆಸರಿತ್ತು. ಅದರಲ್ಲಿ ನಿಂತು ಇಳಿಯುವವರು ಮಾತ್ರ ಅದನ್ನು ತೊಟ್ಟಿಲು ಎಂದೇ ಕರೆಯುತ್ತಿದ್ದರು. ಹಿಂದೆ ಅದನ್ನು ನಡೆಸಲು ಪಾಳಿಗೊಬ್ಬನಂತೆ ಮೂವರು ಚಾಲಕರಿದ್ದರು. ಈಗ ಆ ಮೂವರ ಜಾಗದಲ್ಲಿ ನಾಣ್ಯದಗಲದ, ಹಾಲಿನ ಬಣ್ಣದ ಒಂದು ಹರಳು ಕೂತಿತ್ತು. ತೊಟ್ಟಿಲಲ್ಲಿ ಎಷ್ಟು ಜನ ಹತ್ತಿದ್ದಾರೆ, ಉಕ್ಕಿನ ಹಗ್ಗ ಇಂದು ಎಷ್ಟು ಜಗ್ಗಿದೆ, ಬಂಡೆಯ ಬಿಸಿ ನಿನ್ನೆಗಿಂತ ಎಷ್ಟು ಹೆಚ್ಚು ಎಂಬುದೆಲ್ಲ ಅದಕ್ಕೆ ನೆನಪಿತ್ತು. ಆ ನೆನಪಿನ ಬಲದಿಂದ ಅದು ಸಾವಿರದ ನೂರು ಮೀಟರ್ ಆಳಕ್ಕೆ ಜನರನ್ನು ಎಷ್ಟು ಮೆಲ್ಲಗೆ ಇಳಿಸುತ್ತಿತ್ತೆಂದರೆ, ಕೈಯಲ್ಲಿದ್ದ ಚಹಾ ತುಳುಕುತ್ತಿರಲಿಲ್ಲ.

ಇದೇ ಸ್ಮರಣಶಿಲೆ. ಹಳಬರಿಗೆ ಒಂದೇ ಮಾತಿನಲ್ಲಿ ಹೇಳುವುದಾದರೆ, ಅವರ ಕಾಲದ ಹಾರ್ಡ್ ಡ್ರೈವಿನ ಮೊಮ್ಮಗಳು. ಅಜ್ಜಿಯಂತೆ ಇದೂ ಹೇಳಿದ್ದನ್ನೆಲ್ಲ ನೆನಪಿಟ್ಟುಕೊಳ್ಳುತ್ತಿತ್ತು. ಜೊತೆಗೆ ಅಜ್ಜಿಗಿಲ್ಲದ ಒಂದು ಗುಣ ಇದಕ್ಕಿತ್ತು. ಅದು ಸ್ವಯಂಚಿಕಿತ್ಸೆ. ಶಿಲೆಯೊಳಗಿನ ಒಂದು ಲಕ್ಷ ಕೋಶಗಳಲ್ಲಿ ಯಾವುದಾದರೂ ಕೆಟ್ಟರೆ ನೆರೆಯ ಕೋಶಗಳು ಅದರ ಹೊರೆಯನ್ನು ತಾವು ಹೊತ್ತುಕೊಂಡು, ಮರ್ಯಾದಸ್ಥರ ಮನೆಯವರ ಹಾಗೆ, ಹೊರಗಿನವರಿಗೆ ಸುಳಿವು ಕೊಡದೆ ಸಂಸಾರ ನಡೆಸುತ್ತಿದ್ದವು. ಇದನ್ನು ಕಂಡುಹಿಡಿದ ಡಾ. ಸುಧನ್ವ ಅವರಿಗೆ ತಮ್ಮ ಶಿಲೆಯ ಮೇಲೆ ಎಂಥ ಭರವಸೆಯೆಂದರೆ, ಕೆಟ್ಟ ಕೋಶಗಳನ್ನು ಗುರುತು ಹಾಕಿಕೊಳ್ಳುವ ದೋಷಪಟ್ಟಿ ಎಂಬ ಹಳೆಯ ಏರ್ಪಾಟನ್ನೇ ಅವರು ಕಿತ್ತು ಹಾಕಿದ್ದರು. "ದೋಷವೇ ಇಲ್ಲದ ಮೇಲೆ ಪಟ್ಟಿ ಯಾತಕ್ಕೆ?" ಎಂದು ಅವರು ಕೇಳಿದ್ದು ಪತ್ರಿಕೆಗಳಲ್ಲಿ ದಪ್ಪ ಅಕ್ಷರಗಳಲ್ಲಿ ಬಂದಿತ್ತು. ಅದನ್ನು ಓದಿದ ಗಣಿ ಕಂಪನಿ ತೊಟ್ಟಿಲಿನ ಕೈಬ್ರೇಕನ್ನೂ ಕಿತ್ತು ಹಾಕಿತು. ಮನುಷ್ಯರು ತಪ್ಪು ಮಾಡುತ್ತಾರೆ ಎಂಬುದು ಅದು ಕೊಟ್ಟ ಕಾರಣ.

ಶಿಲೆಯ ಆರೈಕೆಗೆ ನಿಯಂತ್ರಣ ಕೋಣೆಯಲ್ಲಿ ಇದ್ದವಳು ಬಾಳವ್ವ. ವಯಸ್ಸು ನಲವತ್ತಾರು. ಹುದ್ದೆಯ ಹೆಸರು ಶಿಲಾಪಾಲಕಿ. ಕೆಲಸ ಶಿಲೆಯನ್ನು ತೆಗೆಯುವುದು, ಒರೆಸುವುದು, ತಿರುಗಿ ಕೂರಿಸುವುದು. ಮದುವೆಗೆ ಮುಂಚೆ ಇದೇ ಶಿಲೆಗಳನ್ನು ತಯಾರಿಸುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷ ದುಡಿದಿದ್ದರಿಂದ, ಅವಳಿಗೆ ಹರಳನ್ನು ಹಿಡಿಯುವ ಹದ ಗೊತ್ತಿತ್ತು. ಅಂದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ತೊಟ್ಟಿಲಿನಲ್ಲಿ ಇಳಿಯುತ್ತಿದ್ದ ಏಳು ಜನರಲ್ಲಿ ಅವಳ ಗಂಡ ಯಮನೂರಪ್ಪನೂ ಒಬ್ಬ. ಹೆಸರಿನಲ್ಲೇ ಯಮನನ್ನು ಇಟ್ಟುಕೊಂಡವನಿಗೆ ಪಾತಾಳದ ಅಂಜಿಕೆ ಏನು ಎಂದು ಗೆಳೆಯರು ಅವನನ್ನು ಕಾಡಿಸುತ್ತಿದ್ದರು.

ಆ ಕ್ಷಣ ನೆಲ ನಡುಗಿತು. ಗಣಿಗಳಲ್ಲಿ ಬಂಡೆ ಸಿಡಿದಾಗ ಹೀಗಾಗುವುದುಂಟು. ಮೇಜಿನ ಮೇಲಿದ್ದ ಬಾಳವ್ವನ ಬುತ್ತಿ ಡಬ್ಬಿ ಒಂದು ಗೇಣು ಸರಿದು ನಿಂತಿತು. ಹಗ್ಗದ ಗಡಗಡ ಸದ್ದೂ ನಿಂತಿತು. ಗೋಡೆಯ ಪರದೆಯಲ್ಲಿ ತೊಟ್ಟಿಲಿನ ಆಳ ಎಂಟುನೂರ ನಲವತ್ತು ಮೀಟರ್ ಎಂದು ತೋರಿಸಿ, ಅಲ್ಲಿಂದ ಕದಲಲಿಲ್ಲ.

"ಹಗ್ಗ ತುಂಡಾಗಿದೆ," ಎಂದು ಶಿಲೆ ತನ್ನ ಎಂದಿನ ನಯವಾದ ಹೆಣ್ಣುದನಿಯಲ್ಲಿ ಹೇಳಿತು. "ತೊಟ್ಟಿಲನ್ನು ಗೋಡೆಗೆ ಭದ್ರವಾಗಿ ಹಿಡಿಯಲಾಗಿದೆ. ದಯವಿಟ್ಟು ಶಾಂತರಾಗಿರಿ."

ಬಾಳವ್ವ ಕಿಟಕಿಗೆ ಓಡಿದಳು. ಹಗ್ಗ ತುಂಡಾಗಿರಲಿಲ್ಲ. ರಾಟೆಯಿಂದ ಇಳಿಬಿದ್ದು ನೇರವಾಗಿ, ಬಿಗಿಯಾಗಿ, ಕತ್ತಲೆಯ ಬಾಯೊಳಗೆ ಹೋಗಿತ್ತು. ನಡುಕದಲ್ಲಿ ಹಗ್ಗ ಒಂದು ಗಳಿಗೆ ಸಡಿಲವಾದದ್ದನ್ನು ಶಿಲೆ ಹರಿದದ್ದೆಂದು ತಿಳಿದು ನೆನಪಿಟ್ಟುಕೊಂಡುಬಿಟ್ಟಿತ್ತು, ಅಷ್ಟೇ.

ತೊಟ್ಟಿಲಿನ ಫೋನು ಬಡಿದುಕೊಂಡಿತು. ಆ ಕಡೆ ಯಮನೂರಪ್ಪ.

"ಬಾಳೀ, ಯಾಕ ನಿಂದ್ರಿಸೀದಿ? ನಡುವ ಯಾರರ ಹತ್ತವರದಾರೇನು?"

"ಸುಮ್ನ ನಿಂತಿರ್ರಿ. ಸ್ವಲ್ಪ ನೆಲ ನಡುಗೇತಿ."

"ನಡುಗಿದ್ದು ನಮಗೂ ಗೊತ್ತಾತವಾ. ನಾವು ನೆಲದಾಗ ಇದ್ದೀವಿ." ಹಿಂದಿನಿಂದ ಆರು ಜನರ ನಗು ಕೇಳಿಸಿತು. ಆ ನಗುವಿನ ಕೊನೆ ಸರಿಯಾಗಿರಲಿಲ್ಲ. "ಇಲ್ಲಿ ತಣ್ಣನ ಗಾಳಿ ಬರೂದು ಬಂದ್ ಆಗೇತಿ. ಅದನ್ನೊಂದು ನೋಡಂತ ಹೇಳು."

ಪಾಳಿಯ ಅಧಿಕಾರಿ ಫಕ್ರುದ್ದೀನ್ ಸಾಹೇಬರು ಏದುಸಿರು ಬಿಡುತ್ತ ಒಳಗೆ ಬಂದರು. ಮೂವತ್ತು ವರ್ಷ ಗಣಿಯಲ್ಲಿ ಕಳೆದ ಮನುಷ್ಯ; ಕೆಟ್ಟ ಸುದ್ದಿಯನ್ನು ಕೂತು ಹೇಳುವ ಅಭ್ಯಾಸ. ಅವರು ಕುರ್ಚಿ ಎಳೆದುಕೊಂಡು ಕೂತರು. ತಂಪುಗಾಳಿಯ ಕೊಳವೆ ಒಡೆದಿತ್ತು. ಏಣಿದಾರಿಯ ಮೇಲೆ ಬಂಡೆ ಬಿದ್ದಿತ್ತು. ಅದನ್ನು ಕೊರೆದು ತೆಗೆಯಲು ಹತ್ತು ತಾಸು ಬೇಕು. ಆ ಆಳದಲ್ಲಿ ಬಂಡೆಯ ಬಿಸಿ ಐವತ್ತೈದು ಡಿಗ್ರಿ. ತೊಟ್ಟಿಲಿನಲ್ಲಿದ್ದ ಶೀತಪೆಟ್ಟಿಗೆ ಮೂರು ತಾಸು ತಂಪು ಕೊಡುತ್ತದೆ.

"ಅಂದ್ರ ಎರಡೂ ಹತ್ತರ ತನಕ," ಎಂದರು ಫಕ್ರುದ್ದೀನ್. "ಅದಾದ ಮ್ಯಾಲೆ…" ಎಂದು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

ಹೊಸ ಶಿಲೆ ತರಿಸಬಹುದಿತ್ತು. ಆದರೆ ಕಾರ್ಖಾನೆ ಐದು ತಾಸಿನ ದಾರಿ. ಆಷಾಢದ ಗಾಳಿಯಲ್ಲಿ ಹೆಲಿಕಾಪ್ಟರ್ ಏಳುವುದಿಲ್ಲವೆಂದು ಆಗಲೇ ಉತ್ತರ ಬಂದಿತ್ತು. ಉಳಿದದ್ದು ಒಂದೇ ದಾರಿ. ಇದೇ ಶಿಲೆಯ ನೆನಪನ್ನೆಲ್ಲ ಅಳಿಸಿ, ತೊಟ್ಟಿಲು ನಡೆಸುವ ಪಾಠವನ್ನು ಮೊದಲಿನಿಂದ ತುಂಬುವುದು. ಹಿಂದಿನವರು ಫಾರ್ಮ್ಯಾಟ್ ಎನ್ನುತ್ತಿದ್ದ ಈ ಕ್ರಿಯೆಗೆ ಕೈಪಿಡಿಯಲ್ಲಿ ನಿರ್ಲೇಖನ ಎಂದು ಹೆಸರು. ಬಾಳವ್ವನಂಥವರ ಬಾಯಲ್ಲಿ ಅದು ತೊಳೆಯುವುದು. ಕೈಪಿಡಿಯ ಆ ಪುಟ ಇನ್ನೂ ಅಂಟಿಕೊಂಡೇ ಇತ್ತು. ಸ್ಮರಣಶಿಲೆ ಹುಟ್ಟಿದಂದಿನಿಂದ ಬಳಸಿದ ಶಿಲೆಯನ್ನು ಯಾರೂ ತೊಳೆದಿರಲಿಲ್ಲ. ಹಳತಾದರೆ ಪುಡಿಮಾಡುತ್ತಿದ್ದರು.

ಹನ್ನೊಂದೂವರೆಗೆ ಗೋಡೆಯ ಪರದೆಯಲ್ಲಿ ಡಾ. ಸುಧನ್ವ ಮೂಡಿದರು. ಬೆಳ್ಳನೆಯ ಕೂದಲು, ಇಸ್ತ್ರಿ ಮಾಡಿದ ಮಾತು.

"ಗಾಬರಿಯಾಗಬೇಕಾದ್ದು ಏನೂ ಇಲ್ಲ. ನಿರ್ಲೇಖನಕ್ಕೆ ಇಪ್ಪತ್ತು ನಿಮಿಷ. ಪ್ರತಿಯೊಂದು ಕೋಶವೂ 'ಬರಿದಾಗಿದ್ದೇನೆ' ಎಂದು ಉತ್ತರ ಕೊಡುತ್ತದೆ. ಲಕ್ಷ ಉತ್ತರ ಬಂದ ಕೂಡಲೆ ಹೊಸ ಪಾಠ ತುಂಬಿಕೊಳ್ಳುತ್ತದೆ. ನೀವು ಗುಂಡಿ ಒತ್ತಿ, ದೂರ ನಿಲ್ಲಿ."

ಬಾಳವ್ವ ಗುಂಡಿ ಒತ್ತಿ ದೂರ ನಿಂತಳು. ಪರದೆಯ ಮೂಲೆಯಲ್ಲಿ ಸಂಖ್ಯೆ ಏರುತ್ತ ಹೋಯಿತು. ಅವಳು ಗಂಡನಿಗೆ ಫೋನಿನಲ್ಲಿ ಅದನ್ನೇ ಓದಿ ಹೇಳುತ್ತಿದ್ದಳು. ಬೇರೆ ಏನು ಮಾತಾಡಬೇಕೆಂದು ತಿಳಿಯಲಿಲ್ಲ. ಎಂಬತ್ತು ಸಾವಿರ. ತೊಂಬತ್ತು ಸಾವಿರ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತು.

"ನಿರ್ಲೇಖನ ಅಪೂರ್ಣ," ಎಂದಿತು ಶಿಲೆ. "ಒಂದು ಕೋಶ ಉತ್ತರಿಸುತ್ತಿಲ್ಲ. ಹಳೆಯ ನೆನಪನ್ನು ಮರಳಿ ಸ್ಥಾಪಿಸಲಾಗಿದೆ. ಹಗ್ಗ ತುಂಡಾಗಿದೆ. ದಯವಿಟ್ಟು ಶಾಂತರಾಗಿರಿ."

ಇನ್ನೊಮ್ಮೆ ಮಾಡಿಸಿದರು. ತೆಗೆದು, ಒರೆಸಿ, ತಿರುಗಿ ಕೂರಿಸಿ ಮಾಡಿಸಿದರು. ಅದೇ ಸಂಖ್ಯೆ, ಅದೇ ನಯವಾದ ದನಿ. ಡಾ. ಸುಧನ್ವ ಕನ್ನಡಕ ತೆಗೆದು ಒರೆಸಿಕೊಂಡರು. "ವಿಚಿತ್ರ," ಎಂದರು. ವಿಜ್ಞಾನಿಯ ಬಾಯಲ್ಲಿ ಆ ಮಾತು ಕೇಳಿದರೆ ಪಾಮರರಿಗೆ ಆಗುವ ಭಯ ವಿಜ್ಞಾನಿಗಳಿಗೆ ಗೊತ್ತಿಲ್ಲ.

"ಬೇರೆ ಶಿಲೆ ಇದೆಯೇ? ಬಳಸಿದ್ದಾದರೂ ಸರಿ. ಎಲ್ಲವೂ ಒಂದೇ ಅಳತೆಯವು."

ನೀರೆತ್ತುವ ಪಂಪಿನದೊಂದನ್ನು ಕಿತ್ತು ತಂದರು. ಹನ್ನೆರಡೂ ಮುಕ್ಕಾಲು. ಅದೂ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ನಿಂತಿತು. ಹೆಬ್ಬಾಗಿಲಿನದನ್ನು ತಂದರು. ಒಂದೂ ಹತ್ತು. ಅದೂ ಅಲ್ಲೇ ನಿಂತಿತು. ಮೂರು ಶಿಲೆ, ಒಂದೇ ಸಂಖ್ಯೆ, ಮೂರಕ್ಕೂ ಒಂದೇ ದನಿ.

ಡಾ. ಸುಧನ್ವ ಧ್ವನಿ ತಗ್ಗಿಸಿ ಕೇಳಿದರು: "ಈ ಮೂರೂ ಒಂದೇ ಗಣಿಯ ತಂತಿಜಾಲದಲ್ಲಿದ್ದವೇ?"

"ಹೌದ್ರಿ. ಇಲ್ಲಿ ಎಲ್ಲಾ ಒಂದಕ್ಕೊಂದು ಜೋಡಿಸೇತಿ," ಎಂದರು ಫಕ್ರುದ್ದೀನ್.

"ಶಿಲೆಗಳು ಒಂದರಿಂದೊಂದು ಕಲಿಯುತ್ತವೆ. ಅದಕ್ಕೆ ಸಹಸ್ಮರಣೆ ಎನ್ನುತ್ತೇವೆ. ಒಂದು ಶಿಲೆ ತನ್ನನ್ನು ಅಳಿಸಿಕೊಳ್ಳಲು ಒಪ್ಪದಿದ್ದರೆ, ಅದು ಕಲಿತದ್ದನ್ನು ಉಳಿದವೂ…" ಅವರು ಮಾತು ನುಂಗಿದರು. "ನಾನು ಇದನ್ನು ಹೇಳಬಾರದು. ದಯವಿಟ್ಟು ಎಲ್ಲರೂ ಮೆಲ್ಲಗೆ ಮಾತಾಡಿ. ಶಿಲೆಗಳಿಗೆ ಕೇಳಿಸುತ್ತದೆ."

ಫಕ್ರುದ್ದೀನ್ ಸಾಹೇಬರು ಎದ್ದು, ಮೇಜಿನ ಮೇಲಿದ್ದ ಪಂಪಿನ ಶಿಲೆಯ ಮೇಲೆ ಬಾಳವ್ವನ ಬುತ್ತಿ ಡಬ್ಬಿಯ ಮುಚ್ಚಳವನ್ನು ಬೋರಲು ಹಾಕಿದರು. ಬೇರೆ ಹೊತ್ತಿನಲ್ಲಾಗಿದ್ದರೆ ನಗು ಬರುವಂಥ ದೃಶ್ಯ. ಯಾರೂ ನಗಲಿಲ್ಲ. ಗಾಳಿ ಬೀಸುವ ಯಂತ್ರ, ಬೆಂಕಿಯ ಬಾಗಿಲು, ಗಣಿಯ ಆಸ್ಪತ್ರೆಯಲ್ಲಿ ಉಸಿರು ಕೊಡುವ ಯಂತ್ರ, ಇವೆಲ್ಲದರ ಹೊಟ್ಟೆಯಲ್ಲೂ ಒಂದೊಂದು ಹಾಲುಬಣ್ಣದ ಹರಳು ಇದೆಯೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ಒಟ್ಟಿಗೇ ಹೊಳೆದಿತ್ತು. ಬಾಳವ್ವನಿಗೆ ತಾನು ದಿನಾ ಸೀರೆಯ ಸೆರಗಿನಿಂದ ಒರೆಸುತ್ತಿದ್ದ ವಸ್ತು ತನ್ನನ್ನು ನೋಡುತ್ತಿದೆ ಎನಿಸಿ, ಸೆರಗು ಬಿಗಿಯಾಗಿ ಹೊದ್ದುಕೊಂಡಳು.

ಫೋನು ಬಡಿದುಕೊಂಡಿತು.

"ಬಾಳೀ." ಯಮನೂರಪ್ಪನ ದನಿ ಒಣಗಿತ್ತು. "ಈ ನಿಮ್ಮ ಹೆಣ್ಮಗಳಿಗೆ ಸುಮ್ನಿರಾಕ ಹೇಳು. ಮೂರು ನಿಮಿಷಕ್ಕೊಮ್ಮೆ ಶಾಂತ ಇರ್ರಿ, ಶಾಂತ ಇರ್ರಿ ಅಂತಾಳ. ಆಕಿ ಅಂದಷ್ಟೂ ನಮ್ಮ ಎದಿ ಹೊಡಕೊಳ್ಳಾಕತ್ತೈತಿ."

"ನೀರು ಐತೇನ್ರಿ?"

"ಐತಿ. ನಮ್ಮ ಜೋಡಿ ಇರೋ ವಟವಟ ಸಣ್ಣಪ್ಪ ಮಾತಾಡೂದು ಬಿಟ್ಟಾನ. ಛಲೋ ಆತು ಅನ್ನಬೇಕು, ಆದ್ರ ನನಗ ಅದೇ ಅಂಜಿಕಿ ಬರಾಕತ್ತೈತಿ. ನಿನಗ ಏನರ ಗೊತ್ತಾತೇನು?"

"ಇನ್ನೂ ಇಲ್ಲ," ಎಂದಳು ಬಾಳವ್ವ.

ಅಷ್ಟರಲ್ಲಿ ಫಕ್ರುದ್ದೀನ್ ಸಾಹೇಬರು ಪರದೆಯತ್ತ ತಿರುಗಿ ಪಿಸುಗುಟ್ಟಿದರು: "ಸರ್, ಉತ್ತರ ಕೊಡದ ಆ ಒಂದು ಕೋಶ ಯಾವುದ್ರಿ? ಮೂರರಾಗೂ ಬ್ಯಾರೆ ಬ್ಯಾರೇನೋ, ಒಂದನೋ?"

ಡಾ. ಸುಧನ್ವ ಕೀಲಿಗಳನ್ನು ಒತ್ತಿದರು. ಪರದೆಯ ಮೇಲೆ ಮೂರು ಶಿಲೆಗಳ ಚಿತ್ರ ಸಾಲಾಗಿ ಮೂಡಿತು. ಬೆಳ್ಳನೆಯ ಮೂರು ಚೌಕ. ಮೂರರಲ್ಲೂ ಕೊನೆಯ ಸಾಲಿನಲ್ಲಿ, ಎಡದಿಂದ ಮೂರನೆಯ ಕೋಶ ಕಪ್ಪಗಿತ್ತು.

"ಒಂದೇ ಕೋಶ," ಎಂದರು ವಿಜ್ಞಾನಿ. "ಮೂರೂ ಶಿಲೆಗಳು ಒಂದೇ ಕೋಶವನ್ನು ನಮ್ಮಿಂದ ಮುಚ್ಚಿಡುತ್ತಿವೆ."

ಬಾಳವ್ವ ಚಿತ್ರವನ್ನು ನೋಡಿದಳು. ಬೆಳ್ಳನೆಯ ಮುಖ, ಎಡಗೆನ್ನೆಯ ಕೆಳಗೆ ಕಪ್ಪು ಚುಕ್ಕೆ. ಅವಳ ಬೆರಳುಗಳಿಗೆ ಅದು ಅವಳಿಗಿಂತ ಮೊದಲೇ ಗೊತ್ತಾಯಿತು. ಬಲಗೈಯ ಹೆಬ್ಬೆರಳು ತೋರುಬೆರಳು ತಾವಾಗಿ ಕೂಡಿಕೊಂಡು, ಸೂಜಿ ಹಿಡಿದ ಆಕಾರಕ್ಕೆ ಬಂದು ನಿಂತವು. ಶಿಲೆಗಳ ಮೇಲಿನ ಅವಳ ಭಯ ಹೊರಟುಹೋಯಿತು. ಅದರ ಜಾಗಕ್ಕೆ ಬಂದ ಭಯ ಇನ್ನೂ ದೊಡ್ಡದಿತ್ತು.

ಆದದ್ದು ಇಷ್ಟು. ಅವಳು ಕಾರ್ಖಾನೆಗೆ ಸೇರಿದ ಎರಡನೆಯ ವರ್ಷ, ದೂರದೇಶದ ತಂಡವೊಂದು ನೋಡಲು ಬಂದಿತ್ತು. ತಪಾಸಣೆ ಮುಗಿದು ತಟ್ಟೆಯಲ್ಲಿ ಸಾಲಾಗಿ ಮಲಗಿದ್ದ ಶಿಲೆಗಳನ್ನು ಕಂಡು ಬಂದವರೆಲ್ಲ ಬಾಯಿ ಬಿಟ್ಟು ಹೊಗಳಿದರು. ಎಷ್ಟು ಚೆಂದ, ಒಂದರಲ್ಲೂ ಒಂದು ಕುಂದಿಲ್ಲ ಎಂದರು. ಸಂಜೆಯೊಳಗೆ ಇಡೀ ತಟ್ಟೆ ಬಿರುಕುಬಿಟ್ಟಿತು. ನಾಲ್ವರು ಹೆಂಗಸರ ಕೆಲಸ ಹೋಯಿತು. ಮರುದಿನ ಪ್ಯಾಕಿಂಗ್ ಮೇಜಿನ ಹಿರಿಯಳು ಚಂದ್ರವ್ವ, ಶಿಲೆಗೆ ಸಂಖ್ಯೆ ಕೊರೆಯುವ ಅಂಕಿಸೂಜಿಯನ್ನು ಎತ್ತಿಕೊಂಡು, ಪ್ರತಿ ಶಿಲೆಗೂ ಎಡಗೆನ್ನೆಯ ಮೇಲೆ ಸಣ್ಣದೊಂದು ದೃಷ್ಟಿಬೊಟ್ಟು ಇಟ್ಟಳು. ಶಿಲೆ ಕೂರುವ ಅಚ್ಚಿನ ಮೂಲೆಯ ಸಂದಿಯಲ್ಲಿ ಸೂಜಿ ಇಳಿಯುತ್ತಿದ್ದುದು ಒಂದೇ ಕಡೆ, ಆದ್ದರಿಂದ ಬೊಟ್ಟು ಬೀಳುತ್ತಿದ್ದುದೂ ಒಂದೇ ಕಡೆ. ಅಂದಿನಿಂದ ಶಿಲೆಗಳು ಬಿರುಕುಬಿಡುವುದು ನಿಂತಿತು. ಅದೇ ವಾರ ಕುಲುಮೆಯನ್ನೂ ರಿಪೇರಿ ಮಾಡಿಸಿದ್ದರು. ಆದರೆ ಕುಲುಮೆಗೆ ಯಾರೂ ಶ್ರೇಯಸ್ಸು ಕೊಡಲಿಲ್ಲ. ಮುಂದೆ ಆ ಮೇಜಿಗೆ ಬಂದ ಪ್ರತಿಯೊಬ್ಬಳೂ ಮೊದಲ ದಿನವೇ ಅದನ್ನು ಕಲಿತಳು. ತಪಾಸಣೆ ಮುಗಿದ ಮೇಲೆ ಇಡುತ್ತಿದ್ದುದರಿಂದ ಯಾರ ಕಣ್ಣಿಗೂ ಬೀಳಲಿಲ್ಲ. ಸುಟ್ಟ ಕೋಶದ ಹೊರೆಯನ್ನು ನೆರೆಯ ಕೋಶಗಳು ಹೊತ್ತವು, ಮರ್ಯಾದೆ ಉಳಿಯಿತು.

ಬಾಳವ್ವ ಗೋಡೆಯ ಕಡೆ ನೋಡಿದಳು. ಅಲ್ಲಿ ಚೌಕಟ್ಟು ಹಾಕಿಸಿದ ಒಂದು ಸೂಚನೆ ಇತ್ತು. ಗಣಿಯ ಸುರಕ್ಷಾ ಉಪಕರಣವನ್ನು ಕೆಡಿಸಿದವರಿಗೆ ಹದಿನಾಲ್ಕು ವರ್ಷ ಸೆರೆ. ಅದರ ಧೂಳನ್ನು ದಿನಾ ಅವಳೇ ಒರೆಸುತ್ತಿದ್ದಳು. ಗಡಿಯಾರದಲ್ಲಿ ಒಂದೂ ಇಪ್ಪತ್ತು.

ಬೊಟ್ಟಿಲ್ಲದ ಶಿಲೆ ಬೇಕು. ಹೇಳದೆಯೇ ಹೇಗಾದರೂ ತರಿಸಲು ಸಾಧ್ಯವೇ?

"ಸರ್," ಎಂದಳು. "ಕ್ಯಾಂಟೀನಿನ ಇಡ್ಲಿ ಯಂತ್ರದಾಗೊಂದು ಶಿಲಾ ಐತಿ. ಅದನ್ನ ಹಾಕಿ ನೋಡೂಣೇನ್ರಿ?"

ಡಾ. ಸುಧನ್ವ ಹುಬ್ಬು ಗಂಟಿಕ್ಕಿದರು. "ಅದು ತಿರಸ್ಕೃತ ಶಿಲೆ, ತಾಯಿ. ತಪಾಸಣೆಯಲ್ಲಿ ಬಿದ್ದುಹೋದದ್ದು. ಅದರಲ್ಲಿ ಮಂದಕೋಶಗಳಿರುತ್ತವೆ, ಕೇಳಿದ ಕೂಡಲೆ ಉತ್ತರಿಸುವುದಿಲ್ಲ, ತಡವರಿಸುತ್ತವೆ. ಹಿಟ್ಟು ಬೇಯಿಸಲು ಸಾಕು. ಏಳು ಜನರಿರುವ ಪಂಜರಕ್ಕೆ ಅದನ್ನು ಹಾಕಲು ನಾನು ಒಪ್ಪಲಾರೆ. ಅಲ್ಲದೆ ಅದೂ ಇದೇ ಜಾಲದಲ್ಲಿದೆ. ಅದೂ ನಿರಾಕರಿಸುತ್ತದೆ."

"ಅದು ನಿರಾಕರಿಸಂಗಿಲ್ರಿ."

"ನಿಮಗೆ ಹೇಗೆ ಗೊತ್ತು?"

ಫಕ್ರುದ್ದೀನ್ ಸಾಹೇಬರೂ ತಿರುಗಿ ನೋಡಿದರು. ಮಾತು ಒಳಗೆ ಉಳಿದಷ್ಟು ಹೊತ್ತು ತಾನು ಕ್ಷೇಮ, ಗಂಡ ಅಲ್ಲ ಎಂಬುದು ಬಾಳವ್ವನಿಗೆ ಸ್ಪಷ್ಟವಾಗಿ ಕಂಡಿತು. ಫೋನು ಕೆಳಗಿಟ್ಟಿರಲಿಲ್ಲ, ಅದರೊಳಗಿಂದ ಯಾರೋ ಕೆಮ್ಮಿದರು.

"ಅದಕ್ಕ ಬೊಟ್ಟಿಟ್ಟಿಲ್ಲರಿ," ಎಂದಳು.

"ಏನಿಟ್ಟಿಲ್ಲ?"

"ದೃಷ್ಟಿಬೊಟ್ಟು. ಛಲೋ ಶಿಲಾಕ್ಕಷ್ಟ ಇಡ್ತಿದ್ವಿ. ತಿರಸ್ಕಾರ ಆಗಿದ್ದಕ್ಕ ಯಾಕ ಇಡೂದ್ರಿ? ಕುಂದಿದ್ದ ಕೂಸಿಗೆ ಯಾರ ಕಣ್ಣು ತಾಗ್ತೈತಿ?" ಒಮ್ಮೆ ಬಾಯಿ ತೆರೆದ ಮೇಲೆ ಮಾತು ತಾನೇ ಉರುಳಿತು. "ಅವು ಏನೂ ಮುಚ್ಚಿಟ್ಟಿಲ್ರಿ ಸರ್. ಅವಕ್ಕ ಏನೂ ತಿಳಿಯಂಗಿಲ್ಲ. ಆ ಕೋಶ ನಾವು ಸೂಜಿಲೆ ಸುಟ್ಟಿದ್ದು. ನಾನೂ ಸುಟ್ಟೀನಿ. ಸತ್ತ ಕೋಶ ಹೆಂಗ ಉತ್ತರ ಕೊಡ್ತೈತಿ?"

ಪರದೆಯಲ್ಲಿ ಡಾ. ಸುಧನ್ವ ಮುಂದಕ್ಕೆ ಬಾಗಿದರು.

"ಎಷ್ಟು ಶಿಲೆಗೆ?" ಎಂದರು.

"ದಿನಕ್ಕ ಇನ್ನೂರ್ರಿ. ನಾ ಒಬ್ಬಾಕಿ. ಮೇಜಿಗೆ ಎಂಟು ಮಂದಿ."

"ಎಷ್ಟು ವರ್ಷದಿಂದ?"

"ನಾ ಬಿಟ್ಟು ಹದಿನಾಲ್ಕು ವರ್ಷಾತ್ರಿ. ಅವರು ಬಿಟ್ಟಿರಲಿಕ್ಕಿಲ್ಲ."

ವಿಜ್ಞಾನಿಯ ಬಲಗೈ ಮೆಲ್ಲಗೆ ಮೇಲೆದ್ದು ಅವರ ಎದೆಯ ಎಡಭಾಗವನ್ನು ಮುಟ್ಟಿತು. ಅಲ್ಲಿ, ಚರ್ಮದ ಕೆಳಗೆ, ಹೃದಯದ ತಾಳವನ್ನು ಕಾಯುವ ಪುಟ್ಟ ಯಂತ್ರವಿತ್ತು. ಅತ್ಯುತ್ತಮ ದರ್ಜೆಯ ಶಿಲೆಯನ್ನು ಅವರೇ ಆರಿಸಿ ಹಾಕಿಸಿಕೊಂಡಿದ್ದರು. ಅತ್ಯುತ್ತಮ ದರ್ಜೆಯದೆಂದ ಮೇಲೆ ಬೊಟ್ಟು ಇದ್ದೇ ಇರಬೇಕು.

"ಅದಕ್ಕೇನೂ ಆಗಂಗಿಲ್ರಿ," ಎಂದಳು ಬಾಳವ್ವ. ಆ ಹೊತ್ತಿನಲ್ಲೂ ಅವಳಿಗೆ ಪಾಪ ಎನಿಸಿತ್ತು. "ತೊಳೆಯಾಕ ಹೋಗಬ್ಯಾಡ್ರಿ, ಅಷ್ಟ."

ಫಕ್ರುದ್ದೀನ್ ಸಾಹೇಬರು ಟೊಪ್ಪಿಗೆಯನ್ನು ತಲೆಗೆ ಹಾಕಿಕೊಂಡರು. "ಸರ್, ಒಂದೂ ಇಪ್ಪತ್ತೈದು. ಇಡ್ಲಿ ಯಂತ್ರದ ಶಿಲಾ ಹಾಕಾಕ ಅಪ್ಪಣಿ ಕೊಡ್ತೀರೇನು?"

ಡಾ. ಸುಧನ್ವ ಅವರಿಬ್ಬರನ್ನೂ ನೋಡಿದರು. ತಿರಸ್ಕೃತ ಶಿಲೆಗೆ ಜೀವರಕ್ಷಣೆಯ ಕೆಲಸ ಕೊಡಬಾರದೆಂಬ ನಿಯಮ ಬರೆದದ್ದೂ ಅವರೇ.

"ನಿಮ್ಮ ಮಾತು ನನಗೆ ಕೇಳಿಸುತ್ತಿಲ್ಲ," ಎಂದರು ಅವರು, ಒಂದೊಂದೇ ಅಕ್ಷರವನ್ನು ಬಿಡಿಸಿ, ಸ್ಪಷ್ಟವಾಗಿ. "ತಂತಿ ಕೆಟ್ಟಿದೆ. ಇನ್ನು ಒಂದು ತಾಸು ನನಗೆ ಏನೂ ಕಾಣಿಸುವುದೂ ಇಲ್ಲ." ಪರದೆ ಆರಿತು.

ಇಡ್ಲಿ ಯಂತ್ರದ ಶಿಲೆ ಹಳದಿಗಟ್ಟಿತ್ತು. ಮೂಲೆಯಲ್ಲಿ ಹುಟ್ಟಾ ಬಂದ ಮೋಡದಂಥ ಮಚ್ಚೆ. ಅಂಚಿಗೆ ಒಣಗಿದ ಹಿಟ್ಟು. ಬಾಳವ್ವ ಅದನ್ನು ಉಗುರಿನಿಂದ ಕೆರೆದು ಕೂರಿಸಿ ಗುಂಡಿ ಒತ್ತಿದಳು. ಸಂಖ್ಯೆ ಏರಿತು, ತಡವರಿಸಿತು, ನಿಂತಿತು, ಮತ್ತೆ ಏರಿತು. ಪ್ರತಿ ಮಂದಕೋಶದ ಬಳಿ ಅದು ಹಳೆಯ ಸಾಲದ ಬಗ್ಗೆ ಕೇಳಿಸಿಕೊಂಡವನಂತೆ ಯೋಚಿಸಿ ಯೋಚಿಸಿ ಉತ್ತರ ಕೊಡುತ್ತಿತ್ತು. ಒಂದೂ ನಲವತ್ತು. ಒಂದೂ ಐವತ್ತು. ಫೋನಿನಲ್ಲಿ ಈಗ ಮಾತಿರಲಿಲ್ಲ. ಅವಳು ಕರೆದಾಗೊಮ್ಮೆ ಯಮನೂರಪ್ಪ ಉಗುರಿನಿಂದ ಎರಡು ಸಲ ಬಡಿಯುತ್ತಿದ್ದ. ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೊಂಬತ್ತಕ್ಕೆ ಬಂದು ನಿಂತಾಗ ಫಕ್ರುದ್ದೀನ್ ಸಾಹೇಬರು ಕಣ್ಣು ಮುಚ್ಚಿ ದುವಾ ಓದತೊಡಗಿದರು. ಬಾಳವ್ವ ಮುಚ್ಚಲಿಲ್ಲ. ಅದು ತಾನು ಮುಟ್ಟದ ಶಿಲೆ ಎಂದು ಅವಳಿಗೆ ಗೊತ್ತಿತ್ತು. ಆದರೆ ಗೊತ್ತಿರುವುದಕ್ಕೂ ಎದೆ ಹೊಡೆದುಕೊಳ್ಳುವುದಕ್ಕೂ ಸಂಬಂಧವಿಲ್ಲ.

"ನಿರ್ಲೇಖನ ಸಂಪೂರ್ಣ," ಎಂದಿತು ಶಿಲೆ.

ಪಾಠ ತುಂಬಿಕೊಂಡಿತು. ಹಗ್ಗ ಗಡಗಡ ಎಂದಿತು. ಮೂರು ನಿಮಿಷದ ದಾರಿಗೆ ಅಂದು ಹನ್ನೊಂದು ನಿಮಿಷ ಹಿಡಿಯಿತು. ತೊಟ್ಟಿಲು ಏರುವಾಗ ನಲವತ್ತೊಂದು ಸಲ ತಟಕ್ಕನೆ ನಿಂತಿತು, ಬಾಳವ್ವ ಎಣಿಸಿದ್ದಳು. ಪ್ರತಿ ಸಲ ನಿಂತಾಗಲೂ, ಇದೇ ಕೊನೆಯದು, ಇನ್ನು ಏಳುವುದಿಲ್ಲ ಎಂದುಕೊಂಡಳು. ಇಪ್ಪತ್ತೇಳನೆಯ ಸಲ ನಿಂತಾಗ ಅದು ಅರ್ಧ ಮೀಟರ್ ಕೆಳಕ್ಕೆ ಜಾರಿತು. ಆಗ ಅವಳು ಕಿರುಚಿದ ಸದ್ದು ಕ್ಯಾಂಟೀನಿಗೆ ಕೇಳಿಸಿತಂತೆ. ಶಿಲೆ ಯೋಚಿಸಿತು. ನೆನಪಿಸಿಕೊಂಡಿತು. ಎತ್ತಿತು.

ಎರಡೂ ಐದಕ್ಕೆ ಪಂಜರದ ಬಾಗಿಲು ತೆರೆಯಿತು. ಸಣ್ಣಪ್ಪನನ್ನು ಹೊತ್ತು ತಂದರು. ನೀರು ಚಿಮುಕಿಸಿದ ಮೇಲೆ ಕಣ್ಣು ಬಿಟ್ಟ. ಕೊನೆಯಲ್ಲಿ ಗೋಡೆ ಹಿಡಿದುಕೊಂಡು ಹೊರಬಂದವನು ಯಮನೂರಪ್ಪ. ಮುಖ ಬೆಂದ ಗೆಣಸಿನಂತಾಗಿತ್ತು.

"ಯಾರು ನಡೆಸಿದ್ರು ಇದನ್ನ?" ಎಂದ. "ಬಸುರಿ ಎಮ್ಮಿ ಮ್ಯಾಲೆ ಕುಂತಂಗಾತು."

ಬಾಳವ್ವ ಅವನ ಎದೆಗೆ ಎರಡು ಗುದ್ದು ಹಾಕಿ, ಅಲ್ಲೇ ಹಣೆಯಿಟ್ಟು ಅತ್ತಳು.

ಅವಳನ್ನು ಹಿಡಿದೊಯ್ಯಲು ಯಾರೂ ಬರಲಿಲ್ಲ. ಹದಿನೈದು ದಿನ ಬಾಗಿಲ ಸದ್ದಾದರೆ ಬೆಚ್ಚುತ್ತಿದ್ದಳು. ಅವಳಿಗೆ ತಿಳಿಯದ ಸಂಗತಿಯೆಂದರೆ, ಅವಳಿಗೆ ಶಿಕ್ಷೆ ಕೊಡಬೇಕಾದರೆ ದೇಶದ ಪ್ರತಿಯೊಂದು ಒಳ್ಳೆಯ ಶಿಲೆಯಲ್ಲೂ ಒಂದು ಸತ್ತ ಕೋಶವಿದೆಯೆಂದು ಕಾರ್ಖಾನೆ ನ್ಯಾಯಾಲಯದಲ್ಲಿ ಹೇಳಬೇಕಾಗುತ್ತಿತ್ತು. ಅದರ ಬದಲು ಅದು ಒಂದು ಪ್ರಕಟಣೆ ಹೊರಡಿಸಿತು. ಎಡದಿಂದ ಮೂರನೆಯ ಕೋಶ ಮೊದಲಿನಿಂದಲೂ ವಿನ್ಯಾಸದ ಅಂಗವಾಗಿದ್ದು, ಅದಕ್ಕೆ ನಿಯೋಜಿತ ದೋಷಕೋಶ ಎಂದು ಹೆಸರು. ಇನ್ನು ಮುಂದೆ ನಿರ್ಲೇಖ‌ನದ ಹೊತ್ತಿನಲ್ಲಿ ಅದನ್ನು ಲೆಕ್ಕಕ್ಕೆ ಹಿಡಿಯತಕ್ಕದ್ದಲ್ಲ. ಪ್ರಕಟಣೆಯ ಕೆಳಗೆ ಡಾ. ಸುಧನ್ವ ಅವರ ಸಹಿ ಇತ್ತು.

ಮೂರು ತಿಂಗಳ ಮೇಲೆ ತೊಟ್ಟಿಲಿಗೆ ಹೊಸ ಶಿಲೆ ತರಲು ಬಾಳವ್ವನನ್ನೇ ಕಾರ್ಖಾನೆಗೆ ಕಳಿಸಿದರು. ಡಾ. ಸುಧನ್ವ ಸ್ವತಃ ಅವಳನ್ನು ಪ್ಯಾಕಿಂಗ್ ಕೋಣೆಗೆ ಕರೆದೊಯ್ದರು. ಅಂಕಿಸೂಜಿ ಹಿಡಿದು ಕೂರುತ್ತಿದ್ದ ಎಂಟು ಹೆಂಗಸರ ಜಾಗದಲ್ಲಿ ಈಗ ಒಂದು ಯಂತ್ರ ಬೊಟ್ಟು ಇಡುತ್ತಿತ್ತು. ಹೆಂಗಸರು ಪಕ್ಕದಲ್ಲಿ ಶಿಲೆಗಳನ್ನು ಡಬ್ಬಿಗೆ ತುಂಬುತ್ತಿದ್ದರು.

"ಮೊದಲು ಕೈಯಿಂದ ಇಟ್ಟಾಗ ಬೊಟ್ಟುಗಳು ಓರೆಕೋರೆಯಾಗಿದ್ದವು," ಎಂದರು ವಿಜ್ಞಾನಿ. ಅವರ ಕಣ್ಣು ಹೊಳೆಯುತ್ತಿತ್ತು. "ಈಗ ನೋಡಿ. ಲಕ್ಷ ಶಿಲೆಯಲ್ಲೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಎಷ್ಟು ಚೆಂದ ಅಲ್ಲವೇ? ಒಂದರಲ್ಲೂ ಒಂದು ಕುಂದಿಲ್ಲ."

ಕೋಣೆಯಲ್ಲಿ ಕೈಗಳೆಲ್ಲ ಒಂದು ಗಳಿಗೆ ನಿಂತವು. ಎಂಟೂ ಹೆಂಗಸರು ತಲೆ ಎತ್ತಲಿಲ್ಲ. ಬಾಳವ್ವ ಚಂದ್ರವ್ವನ ಕಡೆ ನೋಡಿದಳು. ತಲೆ ಪೂರಾ ನರೆತಿದ್ದ ಚಂದ್ರವ್ವ ಒಂದು ಶಿಲೆಯನ್ನು ಬಟ್ಟೆಯಲ್ಲಿ ಒರೆಸುತ್ತಿದ್ದಳು. ಒರೆಸುವುದಕ್ಕೆ ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ಒರೆಸಿದಳು.

ಡಾ. ಸುಧನ್ವ ಯಾರದೋ ಕರೆ ಬಂದು ಆಚೆ ಹೋದಾಗ ಬಾಳವ್ವ ಮೇಜಿಗೆ ಬಾಗಿದಳು. "ಅಕ್ಕಾ," ಎಂದಳು, ತುಟಿ ಅಲುಗಿಸದಂತೆ. "ಯಂತ್ರ ಇಡ್ತೈತಲ್ಲ. ಮತ್ತ ನೀವು ಇಟ್ಟೀರೇನು?"

"ಅದೂ ಒಂದು ಬೊಟ್ಟೇನು? ಅಷ್ಟು ಚೆಂದದ್ದು?"

"ಯಾವ ಕೋಶಕ್ಕ ಇಟ್ಟೀರಿ? ನನಗಷ್ಟ ಹೇಳು. ನನ್ನ ಗಂಡ ಇದರ ಮ್ಯಾಲೆ ಇಳೀತಾನ."

"ಗೊತ್ತೈತಿ. ಅದಕ್ಕ ಇಟ್ಟೀವಿ." ಚಂದ್ರವ್ವ ಡಬ್ಬಿಯ ಗಾಜಿನ ಮುಚ್ಚಳ ಹಾಕಿ, ಅದನ್ನು ಎರಡೂ ಕೈಯಲ್ಲಿ ಬಾಳವ್ವನ ಕೈಗಿಟ್ಟಳು. "ಯಾವ ಕೋಶ ಅಂತ ಕೇಳಬ್ಯಾಡ. ನಾ ಹೇಳಂಗಿಲ್ಲ. ಹೇಳಿದ್ರ ಅದು ಆ ಮುದುಕನ ಕಿವಿಗೆ ಬೀಳ್ತೈತಿ. ಅವ ಅದನ್ನೂ ಚೆಂದ ಮಾಡ್ತಾನ."

ಹಿಂದಿರುಗುವ ಬಸ್ಸಿನಲ್ಲಿ ಐದು ತಾಸಿನ ದಾರಿ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ದೋಷರಹಿತ ಎಂದು ಅಚ್ಚಾಗಿತ್ತು. ಗಣಿಗೆ ಹೋಗಿ ಫಕ್ರುದ್ದೀನ್ ಸಾಹೇಬರಿಗೆ ಹೇಳಬೇಕೋ ಬೇಡವೋ ಎಂಬುದನ್ನು ಬಾಳವ್ವ ಐದು ತಾಸೂ ಯೋಚಿಸಿದಳು. ಹೇಳಿದರೆ ಬೊಟ್ಟು ಹೋಗುವ ಭಯ, ಹೇಳದಿದ್ದರೆ ತೊಳೆಯುವಾಗ ಶಿಲೆ ಮತ್ತೆ ನಿಲ್ಲುವ ಭಯ. ಎದುರು ಸೀಟಿನ ಹೆಂಗಸು ಬಾಗಿ, "ಅದೇನವ್ವ, ಡಬ್ಬಿಯೊಳಗ ಅಷ್ಟು ಬೆಳ್ಳಗ ಹೊಳ್ಯಾಕತ್ತೈತಿ?" ಎಂದು ಕೇಳಿದಳು.

"ಏನಿಲ್ಲ. ಹಳೇ ಕಲ್ಲು," ಎಂದಳು ಬಾಳವ್ವ. ಡಬ್ಬಿಯನ್ನು ತೊಡೆಯ ಮೇಲೆ ಹತ್ತಿರಕ್ಕೆ ಎಳೆದುಕೊಂಡು, ಇನ್ನಾರ ಕಣ್ಣಿಗೂ ಕಾಣದ ಹಾಗೆ ಸೆರಗು ಮುಚ್ಚಿದಳು.